ನಿಮಿಷಕ್ಕೆ ನಲವತ್ತೆರಡು

ಮಂಗಳವಾರ ಬೆಳಗ್ಗೆ ಐದು ನಲವತ್ತಕ್ಕೆ ಅಣ್ಣ ತನ್ನ ಎಡ ಮೊಣಕೈಯನ್ನು ತಂಗಿಯ ಎಡಗಾಲಿನ ಮೀನಖಂಡದ ಮೇಲೆ ಊರಿ, ತೊಂಬತ್ತೊಂದು ಕೆ.ಜಿ. ಮೈಭಾರವನ್ನು ಅದರ ಮೇಲೆ ಬಿಟ್ಟ.

ಅವಳು ಮನೆಗೆ ಅಂಟಿಕೊಂಡಿದ್ದ ಅಣ್ಣನ ಟೈರ್ ಅಂಗಡಿಯ ಹಿಂದಿನ ಕೋಣೆಯ ಮರದ ಬೆಂಚಿನ ಮೇಲೆ ಬೋರಲು ಮಲಗಿದ್ದಳು. ಬಾಯಲ್ಲಿ ಲಾರಿ ಟ್ಯೂಬಿನಿಂದ ಕತ್ತರಿಸಿದ, ಎರಡು ಬೆರಳಗಲದ ರಬ್ಬರ್ ಪಟ್ಟಿ ಇತ್ತು. ಕೂಗಿದರೆ ಮತ್ತೆ ಮೊದಲಿನಿಂದ ಒತ್ತುವುದು ಅಣ್ಣನ ನಿಯಮ. ಕೂಗದಿರಲು ಅವಳು ರಬ್ಬರನ್ನು ಕಚ್ಚುತ್ತಿದ್ದಳು. ಒಂಬತ್ತು ವರ್ಷಗಳಲ್ಲಿ ಪಟ್ಟಿಯನ್ನು ಹದಿನಾಲ್ಕು ಸಲ ಬದಲಿಸಿದ್ದರು.

ಇದಕ್ಕೆ ಆ ಮನೆಯಲ್ಲಿ ಗಂಟು ಒಡೆಯುವುದು ಎಂದು ಹೆಸರು. ದೂರದ ಓಟ ಓಡಿದವರ ಮಾಂಸಖಂಡ ಹಿಡಿದುಕೊಂಡು ಗಂಟಾಗುತ್ತದೆ, ಅದು ಸಡಿಲವಾಗುವ ತನಕ ಒತ್ತಬೇಕು ಎಂಬುದನ್ನು ಅಣ್ಣ ತನ್ನ ಕುಸ್ತಿಯ ದಿನಗಳಲ್ಲಿ ಕಲಿತಿದ್ದ. ಹನ್ನೊಂದು ವರ್ಷ ಕುಸ್ತಿ ಆಡಿದವನು. ಕೊನೆಯ ಪಂದ್ಯದಲ್ಲಿ ಬಲ ಭುಜ ಕಳಚಿತು, ಮತ್ತೆ ಸರಿಯಾಗಿ ಕೂರಲಿಲ್ಲ. ಭಾರದ ಕೆಲಸವನ್ನೆಲ್ಲ ಅವನು ಎಡಗೈಯಲ್ಲೇ ಮಾಡುತ್ತಿದ್ದ.

ಅಂದು ಗಂಟು ಒಡೆಯಲಿಲ್ಲ. ಅವಳ ಬೆನ್ನು ಬಿಲ್ಲಿನಂತೆ ಬಾಗಿತು, ಬೆಂಚಿನ ಕಾಲು ನೆಲದ ಮೇಲೆ ಕಿರ್ರೆಂದು ಜರುಗಿತು. ಅಣ್ಣ ಮೊಣಕೈಯನ್ನು ಎತ್ತಿ ಅದೇ ಜಾಗದಲ್ಲಿ ಮತ್ತೆ ಊರಿದ. ಹನ್ನೆರಡು ನಿಮಿಷ ಒತ್ತಿದ.

ತಂಗಿಗೆ ಇಪ್ಪತ್ತಮೂರು ವರ್ಷ. ಬೀದಿಯವರು ಅವಳನ್ನು ಕಡ್ಡಿ ಎನ್ನುತ್ತಿದ್ದರು. ಗಾಳಿ ಜೋರಾಗಿ ಬೀಸಿದರೆ ಇವಳು ಓಡಬೇಕಾಗಿಲ್ಲ, ಅದೇ ಹೊತ್ತುಕೊಂಡು ಹೋಗುತ್ತದೆ ಎಂಬುದು ಎದುರಿನ ಬೇಕರಿಯವಳ ಹಳೇ ತಮಾಷೆ. ಹಿಂದಿನ ಶನಿವಾರ ಕಡ್ಡಿ ಐವತ್ತು ಕಿಲೋಮೀಟರ್ ಓಟವನ್ನು ಮೂರು ಗಂಟೆ ಐವತ್ತೆರಡು ನಿಮಿಷದಲ್ಲಿ ಮುಗಿಸಿ ಎರಡನೆಯವಳಾಗಿದ್ದಳು. ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿ, ಕೊನೆಯ ಸೀಟಿನಲ್ಲಿ ಮಂಡಿ ಮಡಚಿಕೊಂಡು ಹತ್ತೊಂಬತ್ತು ಗಂಟೆ ಕೂತು ಬಂದಿದ್ದಳು. ಬಸ್ಸು ಎರಡೇ ಕಡೆ ನಿಲ್ಲುತ್ತದೆಂದು ನೀರನ್ನು ಗುಟುಕು ಗುಟುಕಾಗಿ ಕುಡಿದಿದ್ದಳು. ಇದಲ್ಲದೆ, ಇಪ್ಪತ್ತನಾಲ್ಕು ದಿನಗಳಿಂದ ಮುಟ್ಟು ಮುಂದೂಡುವ ಮಾತ್ರೆ ನುಂಗುತ್ತಿದ್ದಳು. ಔಷಧಿ ಅಂಗಡಿಯಿಂದ ಅವನ್ನು ತಂದುಕೊಟ್ಟವನು ಅಣ್ಣ. ಆಯ್ಕೆ ಓಟ ಮುಗಿಯುವ ತನಕ ಬಿಡಬೇಡ ಎಂದಿದ್ದ.

ಆಯ್ಕೆ ಓಟ ಬರುವ ಭಾನುವಾರ ಇತ್ತು. ಮೊದಲ ಮೂವರಿಗೆ ರಾಷ್ಟ್ರೀಯ ತಂಡದಲ್ಲಿ ಜಾಗ. ಅಣ್ಣನಿಗೆ ಕುಸ್ತಿಯಲ್ಲಿ ಆ ಜಾಗ ಎರಡು ಸಲ ಕೈಗೆ ಬಂದು ತಪ್ಪಿತ್ತು.

ಮನೆಯಲ್ಲಿ ಮೂರನೆಯವರು ಅಪ್ಪ. ಕೈಗಡಿಯಾರ ರಿಪೇರಿಯವರು. ಬಲಗಣ್ಣಿಗೆ ಪೊರೆ ಬಂದ ಮೇಲೆ ಅಂಗಡಿ ಮುಚ್ಚಿದ್ದರು, ಆದರೆ ಬೆರಳು ಇನ್ನೂ ನಡುಗುತ್ತಿರಲಿಲ್ಲ. ಅವರ ಪಾಲಿಗೆ ಒಂದೇ ಕೆಲಸ ಉಳಿದಿತ್ತು. ದಿನಾ ಬೆಳಗ್ಗೆ ಐದು ಇಪ್ಪತ್ತೈದಕ್ಕೆ, ಮಗಳು ಹಾಸಿಗೆಯಿಂದ ಏಳುವ ಮೊದಲು, ಅವಳ ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ಬಂದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆಯಬೇಕು. ನಾಡಿ ಏರಿದರೆ ದೇಹ ದಣಿದಿದೆ ಎಂದರ್ಥ, ಅಂದು ಓಟ ಕಡಿಮೆ ಮಾಡಬೇಕು, ಐವತ್ತು ದಾಟಿದರೆ ಓಟವೇ ಇಲ್ಲ. ಈ ನಿಯಮ ಮಾಡಿದವನೂ ಅಣ್ಣನೇ, ಯಾವುದೋ ತರಬೇತಿ ಪುಸ್ತಕ ನೋಡಿ. ಒಂದೇ ಮೊಳೆಗೆ ಒಂಬತ್ತು ವರ್ಷಗಳ ಕ್ಯಾಲೆಂಡರುಗಳು ತೂಗುತ್ತಿದ್ದವು. ಅವುಗಳ ಚೌಕಗಳಲ್ಲಿ ನಲವತ್ತೆರಡು, ನಲವತ್ತೊಂದು, ನಲವತ್ತಮೂರು. ಜ್ವರ ಬಂದ ದಿನಗಳಲ್ಲಿ ಮಾತ್ರ ಐವತ್ತರ ಮೇಲೆ.

ಆ ಮಂಗಳವಾರ ಅಪ್ಪ ಐವತ್ತೆಂಟು ಬರೆದಿದ್ದರು. ಮಗನಿಗೆ ಹೇಳಿಯೂ ಇದ್ದರು. ಬಸ್ಸಿನ ದಣಿವು ಎಂದು ಅವನು ತಳ್ಳಿಹಾಕಿದ್ದ.

ಸಂಜೆ ಅವಳನ್ನು ಎಂಟು ಕಿಲೋಮೀಟರಿಗೆ ಕಳಿಸಿದ. ಐದು ಕಿಲೋಮೀಟರಿಗೇ ವಾಪಸು ಬಂದಳು. ಎಡಪಕ್ಕೆಯನ್ನು ಕೈಯಿಂದ ಒತ್ತಿ ಹಿಡಿದಿದ್ದಳು, ಕಾಲು ಎಳೆಯುತ್ತಿದ್ದಳು. ಉಸಿರು ಎಳೆದುಕೊಂಡರೆ ಚುಚ್ಚುತ್ತದೆ ಎಂದಳು. ಅಣ್ಣ ಅರ್ಧ ಮುಚ್ಚಿದ್ದ ಅಂಗಡಿಯ ಷಟರಿನ ಪಕ್ಕ ನಿಂತಿದ್ದ. ಅವಳ ಜಡೆ ಹಿಡಿದು ಹಣೆಯನ್ನು ಷಟರಿಗೆ ಬಡಿದ. ಎರಡು ಸಲ. ತಗಡಿನ ಸದ್ದು ಬೇಕರಿಯವರೆಗೂ ಕೇಳಿಸಿತು. ಬೇಕರಿಯವಳು ತಲೆ ಎತ್ತಿ ನೋಡಿದಳು, ಮತ್ತೆ ತಟ್ಟೆ ಒರೆಸತೊಡಗಿದಳು. ಒಳಗಿದ್ದ ಅಪ್ಪ ಏನು ಸದ್ದು ಎಂದು ಕೇಳಿದಾಗ ಷಟರ್ ಸಿಕ್ಕಿಕೊಂಡಿತ್ತು, ಕಾಲಿಂದ ಒದ್ದೆ ಎಂದು ಅಣ್ಣ ಹೇಳಿದ. ಅವಳು ಕೂದಲನ್ನು ಹಣೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಬುಧವಾರ ನಾಡಿ ಎಪ್ಪತ್ತೊಂದು.

ಹತ್ತು ಗಂಟೆಗೆ ಅಣ್ಣ ಹೆದ್ದಾರಿಯಲ್ಲಿ ಟೈರ್ ಸಿಡಿದು ನಿಂತ ಲಾರಿಯೊಂದರ ಕೆಲಸಕ್ಕೆ ಹೋದ. ಅವನ ಪಿಕಪ್ ತಿರುವು ದಾಟಿದ ಮೇಲೆ ಅಪ್ಪ ಮಗಳ ಕಾಲ್ಚೀಲ ಬಿಚ್ಚಿಸಿದರು. ಎಡಗಾಲಿನಲ್ಲಿ ಚೀಲದ ಅಂಚು ಆಳವಾಗಿ ಅಚ್ಚು ಒತ್ತಿತ್ತು, ಬಲಗಾಲಿನಲ್ಲಿ ಗುರುತೇ ಇರಲಿಲ್ಲ. ಗಡಿಯಾರದ ಪಟ್ಟಿ ಅಳೆಯುವ ಟೇಪು ತಂದು ಎರಡೂ ಮೀನಖಂಡಗಳನ್ನು ಅಳೆದರು. ಎಡಗಡೆ ನಾಲ್ಕು ಸೆಂಟಿಮೀಟರ್ ದಪ್ಪ. ಚರ್ಮ ಬಿಸಿಯಾಗಿತ್ತು, ನೇರಳೆ ಬಣ್ಣಕ್ಕೆ ತಿರುಗಿತ್ತು. ನೇರಳೆಯಲ್ಲಿ ಅಣ್ಣನ ಮೊಣಕೈ ಎಷ್ಟು, ಬೇರೆಯದು ಎಷ್ಟು ಎಂದು ಹೇಳುವಂತಿರಲಿಲ್ಲ.

ಬೀದಿ ಕೊನೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಎಳೆ ವಯಸ್ಸಿನ ಡಾಕ್ಟರು ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, ನಾಡಿ ಎಂಬತ್ತನಾಲ್ಕು, ಎಲ್ಲಾ ನಾರ್ಮಲ್ ಎಂದರು. ಇವಳದು ಯಾವಾಗಲೂ ನಲವತ್ತೆರಡು, ಇದು ಎರಡರಷ್ಟಾಯಿತು ಎಂದು ಅಪ್ಪ ಹೇಳಿದರು.

"ಯಜಮಾನರೇ, ನಲವತ್ತೆರಡು ಇದ್ದಿದ್ರೆ ನಾನು ಹೆದರ್ಕೊಳ್ತಿದ್ದೆ," ಎಂದು ಡಾಕ್ಟರು ನಕ್ಕರು. "ಮಗಳು ಕುದುರೆ ಹಾಗಿದಾಳೆ. ಮಾಂಸಖಂಡ ಹಿಡಿದಿದೆ ಅಷ್ಟೇ. ಈ ಮುಲಾಮು ಹಚ್ಚಿ ಚೆನ್ನಾಗಿ ತಿಕ್ಕಿ."

ಮಾತ್ರೆ ಏನಾದರೂ ತಗೊಳ್ತೀಯಾ ಎಂದು ಅವರು ಕೇಳಲಿಲ್ಲ. ಅಪ್ಪನೆದುರು ಅವಳಾಗಿ ಹೇಳಲಿಲ್ಲ. ಬಸ್ಸಿನ ವಿಷಯ ಅಲ್ಲಿ ಬರಲೇ ಇಲ್ಲ.

ಸಂಜೆ ಅಣ್ಣನ ಕಣ್ಣಿಗೆ ಮುಲಾಮಿನ ಟ್ಯೂಬು ಬಿತ್ತು. ನನ್ನ ಬೆನ್ನ ಹಿಂದೆ ಡಾಕ್ಟರ ಹತ್ತಿರ ಹೋಗುವಷ್ಟು ದೊಡ್ಡವರಾದಿರಾ ಎಂದು ಅಪ್ಪನ ಬಾಯಿಗೆ ಗುದ್ದಿದ. ತುಟಿ ಒಡೆಯಿತು. ಅಪ್ಪ ಗೋಡೆಗೆ ಒರಗಿ ಕುಸಿದಾಗ ಜೇಬಿನಿಂದ ಗಡಿಯಾರ ನೋಡುವ ಭೂತಗನ್ನಡಿ ಉರುಳಿತು. ಅಣ್ಣ ಅದರ ಮೇಲೆ ಹಿಮ್ಮಡಿ ಇಟ್ಟು ತಿರುವಿದ. ಗಾಜು ಪುಡಿಯಾಯಿತು.

"ಆಯ್ಕೆ ಮುಗಿಯೋವರೆಗೆ ಈ ಮನೇಲಿ ಡಾಕ್ಟರು ನಾನೇ," ಎಂದ.

ಅಪ್ಪ ರಕ್ತವನ್ನು ಅಂಗಿಯ ತೋಳಿನಿಂದ ಒರೆಸಿಕೊಂಡು, ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಬೆಂಕಿಪೊಟ್ಟಣಕ್ಕೆ ತುಂಬಿದರು. ಓಡುವವರು ಬರಿಗಾಲಲ್ಲಿ ತಿರುಗುವ ಮನೆ.

ಗುರುವಾರ ಐದು ಇಪ್ಪತ್ತೈದಕ್ಕೆ ನಾಡಿ ನೂರಾ ನಾಲ್ಕು. ಅಪ್ಪ ನಂಬದೆ ಎರಡನೇ ಸಲ ಎಣಿಸಿದರು. ನೂರಾ ಆರು. ಎಣಿಸುತ್ತಿರುವಾಗಲೇ ಅವಳು ಟವೆಲಿಗೆ ಕೆಮ್ಮಿದಳು. ಟವೆಲಿನಲ್ಲಿ ತೆಳು ಕೆಂಪು ಕಲೆ ಉಳಿಯಿತು. ಅಪ್ಪ ಚೌಕದಲ್ಲಿ ಎರಡೂ ಸಂಖ್ಯೆ ಬರೆದರು.

ಐದು ನಲವತ್ತಕ್ಕೆ ಅಣ್ಣ ಬೆಂಚನ್ನು ಕೋಣೆಯ ನಡುವಿಗೆ ಎಳೆದ. ಈ ಸಲ ಮೊಣಕೈ ಸಾಲದು ಎಂದು ಟೈರ್ ಬಿಚ್ಚುವ ಕಬ್ಬಿಣದ ಸಲಾಕೆಗೆ ಟ್ಯೂಬ್ ರಬ್ಬರ್ ಸುತ್ತಿಟ್ಟುಕೊಂಡಿದ್ದ. ಅವಳು ನಿಲ್ಲಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ತೋಳು ಹಿಡಿದೆಳೆದು ಬೆಂಚಿಗೆ ಕೆಡವಿದ. ಅವಳು ರಬ್ಬರ್ ಪಟ್ಟಿಗೆ ಬಾಯಿ ತೆರೆಯಲಿಲ್ಲ. ಅವನು ದವಡೆ ಒತ್ತಿ ತೆರೆದು ಒಳಗೆ ತುರುಕಿದ.

ನಾಡಿ ನೂರಾ ಆರು ಎಂದು ಅಪ್ಪ ಹೇಳಿದರು. ಅವನು ತಿರುಗಲಿಲ್ಲ.

"ನಿನ್ನ ನಿಯಮ," ಎಂದರು ಅಪ್ಪ. "ಐವತ್ತು ದಾಟಿದ್ರೆ ಓಟ ಇಲ್ಲ ಅಂದಿದ್ದು ನೀನೇ."

"ನಿನ್ನ ಎಣಿಕೆ ಕೆಟ್ಟಿದೆ, ಹಳೇ ಗಡಿಯಾರದ ಹಾಗೆ ನಿನಗೇ ಕೀ ಕೊಡ್ಬೇಕು. ಸುಮ್ನಿರಪ್ಪ."

ಅವನು ಸಲಾಕೆಯ ಎರಡೂ ತುದಿ ಹಿಡಿದು ಅವಳ ಮೀನಖಂಡದ ಮೇಲೆ ಅಡ್ಡ ಇಟ್ಟು ಒಮ್ಮೆ ಒತ್ತಿ ಉರುಳಿಸಿದ. ರಬ್ಬರಿನ ಹಿಂದಿನಿಂದ ಬಂದ ಸದ್ದು ಮನುಷ್ಯರದಾಗಿ ಕೇಳಲಿಲ್ಲ. ಎರಡನೇ ಸಲಕ್ಕೆ ಮುಂದೆ ಬಾಗಿದಾಗ ಅಪ್ಪ ಗೋಡೆಗೆ ಒರಗಿಸಿದ್ದ ಇನ್ನೊಂದು ಸಲಾಕೆ ತೆಗೆದುಕೊಂಡರು. ಎಪ್ಪತ್ತು ಸೆಂಟಿಮೀಟರ್ ಉದ್ದ, ಮೂರು ಕೆ.ಜಿ. ತೂಕದ್ದು. ಮಗನ ಒಳ್ಳೆಯ ಕೈ ಯಾವುದು ಎಂದು ಅವರಿಗೆ ಗೊತ್ತಿತ್ತು. ಎಡ ಮುಂಗೈ ಮೇಲೆ, ಮಣಿಕಟ್ಟಿಗೂ ಮೊಣಕೈಗೂ ನಡುವೆ, ಒಂದೇ ಏಟು ಹೊಡೆದರು. ಮೂಳೆ ಮುರಿದ ಸದ್ದು ಮೂವರಿಗೂ ಕೇಳಿಸಿತು.

ಅಣ್ಣ ಒಂದು ಕ್ಷಣ ತನ್ನ ಕೈಯನ್ನು ನೋಡಿದ. ಮೊಣಕೈಯ ಕೆಳಗೆ, ಬಾಗಬಾರದ ಕಡೆ, ಅದು ಬಾಗಿತ್ತು. ಆಮೇಲೆ ಭುಜ ಕೆಟ್ಟ ಬಲಗೈಯಿಂದಲೇ ಅಪ್ಪನ ಕುತ್ತಿಗೆ ಹಿಡಿದು, ಮೈಭಾರ ಹಾಕಿ ಟೈರುಗಳ ರಾಶಿಗೆ ಒತ್ತಿದ. ಅಪ್ಪನ ಹಿಮ್ಮಡಿ ನೆಲ ಬಿಟ್ಟಿತು. ಸಲಾಕೆ ಕೈಯಿಂದ ಜಾರಿತು. ಅವರು ಮಗನ ಮುರಿದ ಕೈಯನ್ನು ಹುಡುಕಿ ಹಿಡಿದು ತಿರುವಿದರು. ಅವನು ಅರಚಿದ, ಆದರೆ ಹಿಡಿತ ಬಿಡಲಿಲ್ಲ.

ಕಡ್ಡಿ ಬೆಂಚಿನಿಂದ ಇಳಿದಳು. ಪಟ್ಟಿಯನ್ನು ಉಗಿದಳು. ಎರಡು ಹೆಜ್ಜೆ ಹಾಕಿ ಅಣ್ಣನ ಅಂಗಿಯ ಬೆನ್ನನ್ನು ಹಿಡಿದು ಎಳೆದಳು. ಮೂರನೇ ಹೆಜ್ಜೆಗೆ ಕುಸಿದಳು. ಅವನ ಅಂಗಿ ಹರಿದು ಚೂರು ಅವಳ ಮುಷ್ಟಿಯಲ್ಲಿ ಉಳಿಯಿತು, ತಲೆ ಟೈರಿನ ಮೇಲೆ ಒರಗಿತು.

ತುಟಿ ನೀಲಿಯಾಗಿತ್ತು. ಕಣ್ಣು ತೆರೆದೇ ಇತ್ತು. ಎದೆ ನಾಯಿಯ ಎದೆಯಂತೆ ವೇಗವಾಗಿ ಏರಿಳಿಯುತ್ತಿತ್ತು. ಅಣ್ಣ ಅಪ್ಪನನ್ನು ಬಿಟ್ಟ.

ಆಂಬುಲೆನ್ಸ್ ಬರಲು ಇಪ್ಪತ್ತೈದು ನಿಮಿಷ ಆಗುತ್ತದೆ ಎಂದು ಫೋನಿನಲ್ಲಿ ಹೇಳಿದರು. ದೊಡ್ಡಾಸ್ಪತ್ರೆ ಆರು ಕಿಲೋಮೀಟರ್. ಪಿಕಪ್ ಓಡಿಸಲು ಬರುತ್ತಿದ್ದುದು ಅಣ್ಣನಿಗೊಬ್ಬನಿಗೇ. ಅವನು ತಂಗಿಯನ್ನು ಬಲ ತೋಳಿನಲ್ಲಿ ಬಾಚಿ ಎತ್ತಿ ಕಿಟಕಿ ಪಕ್ಕದ ಸೀಟಿಗೆ ಹಾಕಿದ. ಅಪ್ಪ ಮೊಳೆಯಿಂದ ಮೇಲಿನ ಕ್ಯಾಲೆಂಡರನ್ನು ಕಿತ್ತು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡುವಿನ ಜಾಗದಲ್ಲಿ ಕೂತರು. ಅಣ್ಣ ಬಲಗೈಯಿಂದ ಸ್ಟೀರಿಂಗ್ ಹಿಡಿದ. ಎಡಗೈ ತೊಡೆಯ ಮೇಲೆ ಬಿದ್ದಿತ್ತು. ಗೇರು ಹಾಕುವ ಕೈ ಅದೇ.

"ಅಪ್ಪಾ, ಕ್ಲಚ್ ಒತ್ತಿದೀನಿ. ಎರಡನೇದು ಹಾಕು."

"ಎಲ್ಲಿದೆ ಎರಡನೇದು?"

"ನೇರ ಹಿಂದಕ್ಕೆ ಎಳಿ. ಗಡಿಯಾರ ಬಿಚ್ಚೋ ಹಾಗೆ ಮುಟ್ಬೇಡ, ಗಟ್ಟಿಯಾಗಿ ಎಳಿ."

ಅಪ್ಪ ಎಳೆದರು. ಗಾಡಿ ಕಿರುಚಿ ಮುಂದಕ್ಕೆ ನೆಗೆಯಿತು. ಅವರ ಇನ್ನೊಂದು ಕೈ ಮಗಳ ಮಣಿಕಟ್ಟಿನ ಮೇಲಿತ್ತು. ನೂರಾ ಇಪ್ಪತ್ತರ ನಂತರ ಅವರಿಗೆ ಲೆಕ್ಕ ತಪ್ಪಿತು. ಎರಡು ಕಡೆ ಕೆಂಪು ದೀಪ ದಾಟಿದರು. ಹಳ್ಳ ಬಂದಲ್ಲೆಲ್ಲ ಅಣ್ಣ ಹಲ್ಲು ಕಚ್ಚಿದ. ಆರು ಕಿಲೋಮೀಟರಿಗೆ ಒಂಬತ್ತು ನಿಮಿಷ ಹಿಡಿಯಿತು.

ತುರ್ತು ವಿಭಾಗದಲ್ಲಿ ಇದ್ದವರು ಕೆಂಪು ಚೌಕಟ್ಟಿನ ಕನ್ನಡಕದ ವೈದ್ಯೆ. ಕೊಳೆ ಅಂಗಿ, ಒಡೆದ ತುಟಿ, ಸೊಟ್ಟಗಾದ ಕೈ, ಕಂಕುಳಲ್ಲಿ ಕ್ಯಾಲೆಂಡರ್ ನೋಡಿ ಮೊದಲು ಅಪಘಾತ ಎಂದುಕೊಂಡರು. ಅಪ್ಪ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿ, ಅವಳು ಐವತ್ತು ಕಿಲೋಮೀಟರ್ ಓಟಕ್ಕೆ ಹೊರಟ ದಿನದ ಚೌಕದಿಂದ ಶುರುಮಾಡಿ ಒಂದೊಂದರ ಮೇಲೂ ಬೆರಳಿಟ್ಟರು. ನಲವತ್ತೆರಡು. ಐವತ್ತೆಂಟು. ಎಪ್ಪತ್ತೊಂದು. ನೂರಾ ನಾಲ್ಕು. ವೈದ್ಯೆ ಒಂದು ಪುಟ ಹಿಂದಕ್ಕೆ ತಿರುವಿ ನೋಡಿದರು, ಮತ್ತೆ ಎಡಗಾಲನ್ನು ನೋಡಿದರು. ಈ ಲೆಕ್ಕ ಇಟ್ಟವರು ಯಾರೋ ಅವರು ಇಲ್ಲೇ ಇರಿ ಎಂದರು.

ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಮಾಂಸದ ಗಂಟಲ್ಲ. ಒತ್ತಿದಾಗ ಸಡಿಲವಾಗದೆ ತುಂಡು ತುಂಡಾಗಿ ಕಳಚಿಕೊಂಡು, ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಹಾಕಿಕೊಂಡಿತ್ತು. ಇದು ಸ್ಕ್ಯಾನಿನಲ್ಲಿ ಕಾಣಿಸಿದಾಗ ಆರು ಐವತ್ತು. ರಕ್ತದೊತ್ತಡ ಎಂಬತ್ತೆರಡಕ್ಕೆ ಇಳಿದಿತ್ತು. ಗಟ್ಟಿ ಮನಸ್ಸಿನ ಓಟಗಾರರು ಇಂಥ ಕಾಲಿನಲ್ಲೂ ಓಡಿಬಿಡುತ್ತಾರೆ, ಅವರ ನಿಧಾನದ ನಾಡಿಯಿಂದ ಬೇರೆಯವರಿಗೆ ಮೋಸವಾಗುತ್ತದೆ ಎಂದು ವೈದ್ಯೆ ದಾದಿಗೆ ಹೇಳಿದ್ದು ಅಪ್ಪನಿಗೆ ಕೇಳಿಸಿತು.

ಮಾತ್ರೆ ಏನಾದರೂ ಎಂದು ವೈದ್ಯೆ ಕೇಳಿದರು. ಅಪ್ಪ ಇಲ್ಲ ಎಂದರು. ಅಣ್ಣ ಗೋಡೆ ನೋಡಿಕೊಂಡು ಮುಟ್ಟಿನ ಮಾತ್ರೆಯ, ಹತ್ತೊಂಬತ್ತು ಗಂಟೆಯ ಬಸ್ಸಿನ ವಿಷಯ ಹೇಳಿದ. ಎರಡೂ ರಕ್ತ ಹೆಪ್ಪುಗಟ್ಟಿಸುತ್ತವೆ ಎಂದರು ವೈದ್ಯೆ. ಅಪ್ಪ ಅವನ ಮುಖ ನೋಡಿದರು.

ವೈದ್ಯೆ ಬೇಗ ಬೇಗ ಹೇಳಿದರು. ಹೆಪ್ಪನ್ನು ಕರಗಿಸುವ ಬಲವಾದ ಚುಚ್ಚುಮದ್ದು ಇದೆ, ಸಿರಿಂಜಿನಲ್ಲಿ ತುಂಬಿ ಸಿದ್ಧವಾಗಿದೆ. ಆದರೆ ಅದು ಎಲ್ಲಾ ಕಡೆಯ ಹೆಪ್ಪನ್ನೂ ಕರಗಿಸುತ್ತದೆ. ತಲೆಗೆ ಪೆಟ್ಟು ಬಿದ್ದಿದ್ದರೆ ಮಿದುಳಿನಲ್ಲಿ ರಕ್ತ ಸುರಿದು ಸಾಯುತ್ತಾಳೆ. ಬೆನ್ನಿನ ಮೇಲೆ ಹೊಡೆತದ ಗುರುತುಗಳಿವೆ.

"ತಲೆಗೆ ಏಟು ಬಿದ್ದಿದೆಯಾ? ಈ ವಾರದಲ್ಲಿ?"

"ಇಲ್ಲ," ಎಂದ ಅಣ್ಣ.

"ಖಂಡಿತಾನಾ?"

"ನಾನು ಅವಳ ತರಬೇತುದಾರ. ಇಲ್ಲ ಅಂದ್ನಲ್ಲ."

ವೈದ್ಯೆ ಅಪ್ಪನ ಕಡೆ ತಿರುಗಿದರು. ಅಪ್ಪ ಬಾಯಿ ತೆರೆದರು. ಮಂಗಳವಾರ ಷಟರಿನ ಸದ್ದು ಕೇಳಿದ್ದರು, ಅಷ್ಟೇ. ನೋಡದ್ದನ್ನು ಹೇಳಿ ಅಭ್ಯಾಸವಿಲ್ಲದವರು. ದಾದಿ ಸಿರಿಂಜನ್ನು ಕೈಗೆತ್ತಿಕೊಂಡಳು.

ಸ್ಟ್ರೆಚರಿನ ಮೇಲಿಂದ ಕೈಯೊಂದು ಎದ್ದು ಆಮ್ಲಜನಕದ ಮಾಸ್ಕನ್ನು ಕೆಳಕ್ಕೆ ಎಳೆಯಿತು. ಮುಷ್ಟಿಯಲ್ಲಿ ಅಣ್ಣನ ಅಂಗಿಯ ಚೂರು ಇನ್ನೂ ಇತ್ತು.

"ತಲೆಗೆ," ಎಂದಳು ಕಡ್ಡಿ. ಉಸಿರು ತುಂಬಿಕೊಳ್ಳಲು ನಿಲ್ಲಬೇಕಾಯಿತು. "ಮಂಗಳವಾರ. ಷಟರ್‌ಗೆ. ಎರಡು ಸಲ."

ವೈದ್ಯೆ ಅವಳ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿದರು. ಕಂದಿದ ಗಾಯ ಅಂಗೈಯಗಲ ಇತ್ತು. ಸಿರಿಂಜನ್ನು ಕೆಳಗಿಡಲು ದಾದಿಗೆ ಸನ್ನೆ ಮಾಡಿ, ಸ್ಟ್ರೆಚರನ್ನು ತಾವೇ ತಳ್ಳಿಕೊಂಡು ಸ್ಕ್ಯಾನಿನ ಕೋಣೆಗೆ ಓಡಿದರು. ತಲೆಬುರುಡೆಯ ಒಳಗೆ ಉಗುರಿನ ತುದಿಯಷ್ಟು ರಕ್ತ ಒಸರಿತ್ತು.

ಆದ್ದರಿಂದ ಆ ಮದ್ದು ಕೊಡಲಿಲ್ಲ. ತೊಡೆಸಂದಿನ ರಕ್ತನಾಳದಿಂದ ಕೊಳವೆ ತೂರಿಸಿ, ಶ್ವಾಸಕೋಶದವರೆಗೆ ಒಯ್ದು ಹೆಪ್ಪನ್ನು ಹೊರಗೆಳೆದರು. ಆರು ತುಂಡುಗಳು ಬಂದವು. ಎಲ್ಲಕ್ಕಿಂತ ಉದ್ದದ್ದು ಕಿರುಬೆರಳಿನಷ್ಟಿತ್ತು. ಕಾಲಿನಿಂದ ಇನ್ನಷ್ಟು ಮೇಲಕ್ಕೆ ಬಾರದಂತೆ ಹೊಟ್ಟೆಯ ದೊಡ್ಡ ರಕ್ತನಾಳದಲ್ಲಿ ಒಂದು ಜಾಲರಿ ಇಟ್ಟರು. ಹತ್ತು ಗಂಟೆ ಹತ್ತು ನಿಮಿಷಕ್ಕೆ ರಕ್ತದೊತ್ತಡ ನೂರು ಮುಟ್ಟಿತು.

ಅಣ್ಣನ ಕೈಗೆ ಎರಡು ಲೋಹದ ಪಟ್ಟಿ, ಹನ್ನೆರಡು ತಿರುಪು ಹಾಕಿದರು. ಹೇಗೆ ಮುರಿಯಿತು ಎಂಬ ಕಾಲಂ ಮುಂದೆ ಟೈರ್ ಬಿತ್ತು ಎಂದು ಬರೆಸಿದ. ಅದೇ ಪ್ರಶ್ನೆ ಅಪ್ಪನಿಗೆ ಕೇಳಿದಾಗ ನಾನೇ ಹೊಡೆದೆ, ಸಲಾಕೆಯಿಂದ, ಐದು ನಲವತ್ತೈದಕ್ಕೆ ಎಂದರು. ಎರಡು ಹೇಳಿಕೆ ಹೊಂದದ ಕಾರಣ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು.

ಭಾನುವಾರ ಆಯ್ಕೆ ಓಟ ನಡೆಯಿತು. ಹತ್ತೊಂಬತ್ತು ಮಂದಿ ಓಡಿದರು.

ಸೋಮವಾರ ಹನ್ನೊಂದು ಗಂಟೆಗೆ ಠಾಣೆಯಿಂದ ಒಬ್ಬ ಮಹಿಳಾ ಅಧಿಕಾರಿ ವಾರ್ಡಿಗೆ ಬಂದರು. ಅಪ್ಪನ ಹೇಳಿಕೆ ಅರ್ಧ ಪುಟವಾಯಿತು. ಕಡ್ಡಿಯದು ಒಂಬತ್ತು ಪುಟ. ಅವಳು ಉಸಿರಿಗಾಗಿ ನಿಂತು ನಿಂತು ಹೇಳಿದಳು, ಅಧಿಕಾರಿ ಕಾದು ಬರೆದುಕೊಂಡರು. ಬಾಗಿಲ ಹೊರಗಿನ ಬೆಂಚಿನ ಮೇಲೆ ಅಣ್ಣ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ, ಪಕ್ಕದಲ್ಲಿ ಒಬ್ಬ ಪೊಲೀಸಿನವನಿದ್ದ. ನಡುವೆ ಒಮ್ಮೆ ಅವನು ಎದ್ದು ಬಾಗಿಲಿಗೆ ಬಂದು, ಇದೆಲ್ಲ ನಿನ್ನ ಒಳ್ಳೇದಕ್ಕೇ ಅಲ್ವೇನೇ ಎಂದ. ಅವಳು ವಾಕ್ಯ ಮುಗಿಸುವ ತನಕ ಆ ಕಡೆ ನೋಡಲಿಲ್ಲ, ಮುಗಿಸಿದ ಮೇಲೂ ನೋಡಲಿಲ್ಲ. ಪೊಲೀಸಿನವನು ಅವನನ್ನು ಬೆಂಚಿಗೆ ಕರೆದೊಯ್ದ.

ಮಧ್ಯಾಹ್ನ ಒಂದೂವರೆಗೆ ಅಧಿಕಾರಿ ಒಂಬತ್ತೂ ಪುಟ ಓದಿ ಹೇಳಿದರು. ಕಡ್ಡಿ ಒಂದು ಕಡೆ ತಡೆದಳು. ‘ಆಗಾಗ ಹೊಡೆಯುತ್ತಿದ್ದ’ ಎಂದಿದ್ದುದನ್ನು ಹೊಡೆದುಹಾಕಿಸಿ, ‘ವಾರಕ್ಕೆ ಮೂರು ಸಲ’ ಎಂದು ಬರೆಸಿದಳು. ಆಮೇಲೆ ಸಹಿ ಹಾಕಿದಳು.